ಗುರಿ ಹಿಡಿಯುವ ಕೈಗೆ ಗವಸು ಬೇಕೆ?

ಕೈಗವಸು ಚಳಿ ದೇಶದವರ ಉಡುಪು, ಇಲ್ಲವೆ ವೈದ್ಯರ ಸಾಧನ ಎಂಬುದು ನಮ್ಮ ಕಡೆಯ ಬಹುಜನರ ಭಾವನೆ. ಬೇಸಿಗೆಯಲ್ಲಿ ಕಲ್ಲೂ ಕಾಯುವ ವಿಜಯಪುರದಲ್ಲಿ ಕೈಗೆ ಚರ್ಮದ ಗವಸು ತೊಟ್ಟವನನ್ನು ಕಂಡರೆ ನಗುವವರೇ ಹೆಚ್ಚು. ಆದರೆ 1963ರಲ್ಲಿ ಸೈನಿಕ ಶಾಲೆ ಆರಂಭವಾದಂದಿನಿಂದ ಸಮವಸ್ತ್ರದ ಆಕರ್ಷಣೆ ಈ ಊರಿನ ಮಕ್ಕಳಿಗೆ ಹೊಸದಲ್ಲ. ಎನ್.ಸಿ.ಸಿ. ಸೇರಿದ ಹುಡುಗರು, ಹುಡುಗಿಯರು ಬಂದೂಕಿನ ಗುರಿವಿದ್ಯೆಗೆ ಮನಸೋತು ಬಂದಾಗ, ಈ ಗವಸು ಮನೆಯ ಖರ್ಚಿನ ಪ್ರಶ್ನೆಯೂ ಆಗುತ್ತದೆ.

ಬಬಲೇಶ್ವರದ ನಮ್ಮ ಆಪ್ತರೊಬ್ಬರು ಇದೇ ಪ್ರಶ್ನೆಯನ್ನು ಹೊತ್ತು ಮಗನೊಂದಿಗೆ ನಮ್ಮಲ್ಲಿಗೆ ಬಂದರು. ಅವರ ದ್ರಾಕ್ಷಿತೋಟವಿರುವುದು ತಿಕೋಟಾದ ಕಡೆ. ಆ ವರ್ಷ ಅಕಾಲದ ಮಳೆಗೆ ಬೆಳೆ ಕೆಟ್ಟು ಸಾಲ ಹಾಗೆಯೇ ಉಳಿದಿತ್ತು. “ಗುರುಗಳ, ಕೈಗೆ ಹಾಕ್ಕೊಳ್ಳೋ ಒಂದು ಚೀಲಕ್ಕ ನಾಕ್ ಸಾವಿರ ಕೇಳ್ತಾನ್ರೀ. ಅದೂ ಎರಡೂ ಕೈಗಲ್ಲ, ಬರೇ ಎಡಗೈಗೆ! ಬೇಕೋ ಬ್ಯಾಡೋ ನೀವ ಹೇಳ್ರಿ” ಎಂದರು. ಹುಡುಗ ತಲೆ ಎತ್ತದೆ, “ಅಜ್ಜಾರ, ಎಲ್ಲಾರೂ ಹಾಕ್ಕೊಂಡಿರ್ತಾರ್ರೀ. ನನಗೊಬ್ಬಗ ಬರೇ ಕೈ” ಎಂದ. ಆ ‘ಬರೇ ಕೈ’ ಎಂಬ ಮಾತಿನಲ್ಲಿ ಗವಸಿಗಿಂತ ಹೆಚ್ಚಿನದೇನೋ ಇತ್ತು. ತಂದೆಗೂ ಅದು ಕೇಳಿಸಿತು. ಅವರು ಮುಖ ತಿರುಗಿಸಿಕೊಂಡರು.

ನಾವು ಮಠದಲ್ಲಿ ಶಾಸ್ತ್ರ ಓದಿದವರೇ ಹೊರತು ಶಸ್ತ್ರ ಹಿಡಿದವರಲ್ಲ. ಒಂದು ವಾರದ ಅವಕಾಶ ಕೇಳಿ, ಗುರಿವಿದ್ಯೆ ಕಲಿಸುವ ನಿವೃತ್ತ ಹವಾಲ್ದಾರರೊಬ್ಬರ ಬಳಿ ಹುಡುಗನೊಂದಿಗೇ ಹೋಗಿ ಕುಳಿತೆವು. ಹೋಗುವ ಮುನ್ನ ಅಭ್ಯಾಸಬಲದಿಂದ ಗ್ರಂಥಗಳನ್ನೂ ತೆರೆದದ್ದುಂಟು. ಬಿಲ್ಲಿನ ಹೆದೆಯ ಪೆಟ್ಟಿನಿಂದ ತೋಳನ್ನು ಕಾಯುವ ಪಟ್ಟಿಗೆ ಋಗ್ವೇದದ ಆರನೆಯ ಮಂಡಲದಲ್ಲಿ ‘ಹಸ್ತಘ್ನ’ ಎಂಬ ಹೆಸರಿದೆ. ಅಮರಕೋಶವು ಅದನ್ನೇ ‘ಗೋಧಾ’, ‘ತಲ’ ಎನ್ನುತ್ತದೆ. ಗೋಧಾ ಎಂದರೆ ಉಡವೂ ಹೌದು. ವಾಲ್ಮೀಕಿಯ ರಾಮಲಕ್ಷ್ಮಣರು ಅಂಗುಲಿತ್ರಾಣ ಧರಿಸಿಯೇ ವಿಶ್ವಾಮಿತ್ರರ ಹಿಂದೆ ನಡೆಯುತ್ತಾರೆ. ಇಷ್ಟಾದರೂ ಅರ್ಜುನನ ಎರಡೂ ತೋಳುಗಳಲ್ಲಿ ಹೆದೆಯ ಕಲೆಗಳು ಉಳಿದಿದ್ದವು. ವಿರಾಟನಗರದಲ್ಲಿ ಬಳೆ ತೊಟ್ಟು ಅವುಗಳನ್ನು ಮರೆಮಾಡಬೇಕಾಯಿತು. ತುರ್ಕಿ, ಪಾರಸಿ ಪದ್ಧತಿಯ ಬಿಲ್ಲುಗಾರರು ಹೆಬ್ಬೆರಳಿಗೆ ಗಟ್ಟಿ ಉಂಗುರ ತೊಟ್ಟು ಹೆದೆ ಎಳೆಯುತ್ತಿದ್ದರು. ಒಟ್ಟಿನಲ್ಲಿ ಬಿಲ್ಲು ಕೈಯನ್ನು ಗಾಯಗೊಳಿಸುವ ಆಯುಧ. ಅಲ್ಲಿ ಗವಸು ರಕ್ಷಣೆಗಾಗಿ.

ಕ್ರೀಡೆಯ ರೈಫಲ್ಲಿನ ಸಂಗತಿ ಬೇರೆ. ಅದು ಕೈಯನ್ನು ಕೊಯ್ಯುವುದಿಲ್ಲ, ದಣಿಸುತ್ತದೆ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಬಂದೂಕಿನ ತೂಕ ಐದೂವರೆ ಕಿಲೋದವರೆಗೆ ಇರಬಹುದು. ಹೊಡೆಯಬೇಕಾದ ನಡುಚುಕ್ಕೆಯಾದರೋ ಕೇವಲ ಅರ್ಧ ಮಿಲಿಮೀಟರ್. ನಿಂತು ಹೊಡೆಯುವಾಗ ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಆನಿಸಿ, ಆ ಮುಷ್ಟಿಯ ಮೇಲೆ ಬಂದೂಕನ್ನು ಕೂರಿಸುತ್ತಾರೆ. ಭಾರವನ್ನು ಎಲುಬು ಹೊರಬೇಕು, ಸ್ನಾಯು ಹೊರಬಾರದು ಎಂಬುದು ಹವಾಲ್ದಾರರ ಮೊದಲ ಪಾಠ. ಎಡ ಅಂಗೈಯಲ್ಲಿ ಇಷ್ಟಲಿಂಗವಿರಿಸಿಕೊಂಡು ದೃಷ್ಟಿ ನಿಲ್ಲಿಸಿ ಕುಳಿತವರಿಗೆ, ಮುಂಗೈ ಎಷ್ಟು ಬೇಗ ನಡುಗತೊಡಗುತ್ತದೆಂಬುದನ್ನು ವಿವರಿಸಬೇಕಿಲ್ಲ. ಹೋಲಿಕೆ ಕೈಯ ನಡುಕಕ್ಕೆ ಮಾತ್ರ, ಬೇರಾವುದಕ್ಕೂ ಅಲ್ಲ. ರೈಫಲ್ಲಿನವರ ಎಡಗೈ ಗವಸು ಮೂರು ಕೆಲಸ ಮಾಡುತ್ತದೆ: ಬೆವರಿಗೆ ಬಂದೂಕು ಜಾರದಂತೆ ತಡೆಯುವುದು, ಅಂಗೈಯ ನಾಡಿಯ ಮಿಡಿತ ಬಂದೂಕಿಗೆ ತಾಕುವುದನ್ನು ತಗ್ಗಿಸುವುದು, ಮಲಗಿ ಅಥವಾ ಮಂಡಿಯೂರಿ ಹೊಡೆಯುವಾಗ ತೋಳಿಗೆ ಬಿಗಿದ ಪಟ್ಟಿಯ ಒತ್ತಡವನ್ನು ಕೈ ಸಹಿಸುವಂತೆ ಮಾಡುವುದು. ಕುದುರೆ ಎಳೆಯುವ ಬಲಗೈ ಸಾಮಾನ್ಯವಾಗಿ ಬರಿದೇ ಇರುತ್ತದೆ. ಬೆರಳಿಗೆ ಕುದುರೆಯ ಸೂಕ್ಷ್ಮ ತಿಳಿಯಬೇಕಲ್ಲ!

ಪಿಸ್ತೂಲಿನವರಿಗೆ ಇದೂ ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹರಿಯಾಣದ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದದ್ದು ಬರಿಗೈಯಿಂದ. ಪಿಸ್ತೂಲಿನ ಮರದ ಹಿಡಿಯೇ ಅಂಗೈಗೆ ತಕ್ಕಂತೆ ಕೆತ್ತಲ್ಪಟ್ಟಿರುತ್ತದೆ. ಅದೇ ಕೂಟದಲ್ಲಿ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಪಡೆದರು. ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಆ ಸ್ಪರ್ಧೆಗೆ ಎಡಗೈ ಗವಸಿಲ್ಲದೆ ನಡೆಯದು. ಒಂದೇ ದೇಶದ ತಂಡದಲ್ಲಿ ಒಬ್ಬರಿಗೆ ಅವಶ್ಯವಾದದ್ದು ಇನ್ನೊಬ್ಬರಿಗೆ ಬೇಡವಾದದ್ದು.

ಎನ್.ಸಿ.ಸಿ.ಯ ಪಾಯಿಂಟ್ ಟೂಟೂ ರೈಫಲ್ಲನ್ನು ಮಲಗಿ ಕೆಲವೇ ಸುತ್ತು ಹೊಡೆಯುವ ಹುಡುಗನಿಗೆ ಗವಸಿನ ಅಗತ್ಯವಿಲ್ಲವೆಂದು ಹವಾಲ್ದಾರರು ಖಂಡಿತವಾಗಿ ಹೇಳಿದರು. ಅವನಿಗೆ ಮೊದಲು ಬೇಕಾದದ್ದು ಕಿವಿಯ ರಕ್ಷಣೆ. ವಿಜಯಪುರದವರಾದ ನಮಗೆ ಇದು ಹೊಸ ಮಾತಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪಿನ ಪಕ್ಕದ ನೀರಿನ ತೊಟ್ಟಿಯನ್ನು ತೋರಿಸಿ, ಬತ್ತಿಗೆ ಕಿಡಿಯಿಟ್ಟ ಗೋಲಂದಾಜನು ಅದರಲ್ಲಿ ಮುಳುಗಿ ಕಿವಿ ಉಳಿಸಿಕೊಳ್ಳುತ್ತಿದ್ದನೆಂದು ಮಾರ್ಗದರ್ಶಕರು ಇಂದಿಗೂ ಹೇಳುತ್ತಾರೆ. ಎರಡನೆಯದು ಸಾಬೂನು. ಏರ್ ರೈಫಲ್ಲಿನ ಗುಂಡುಗಳು ಸಾಮಾನ್ಯವಾಗಿ ಸೀಸದವು; ಗುಂಡು ಮುಟ್ಟಿದ ಕೈಯನ್ನು ತೊಳೆಯದೆ ಬುತ್ತಿ ಬಿಚ್ಚಬಾರದು. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹುಡುಗ ಮುಂದೆ ಏರ್ ರೈಫಲ್ಲಿಗೇ ನಿಂತುಕೊಂಡರೆ ಗವಸು ಕೊಳ್ಳಲೇಬೇಕಾಗುತ್ತದೆ. ಆಗ ನೋಡಬೇಕಾದದ್ದು ಬೆಲೆಯನ್ನಷ್ಟೇ ಅಲ್ಲ. ಅಂಗೈ ಕಡೆಯ ಮತ್ತು ಹಿಂಗೈ ಕಡೆಯ ಹೊದಿಕೆಗಳು ಸೇರಿ ದಪ್ಪ 12 ಮಿಲಿಮೀಟರ್ ಮೀರಬಾರದು, ಮಣಿಕಟ್ಟಿನ ಗಂಟಿನ ನಡುವಿನಿಂದ 50 ಮಿಲಿಮೀಟರಿಗಿಂತ ಮೇಲಕ್ಕೆ ಹೋಗಬಾರದು, ಮಣಿಕಟ್ಟಿನಲ್ಲಿ ಬಿಗಿಯುವ ಪಟ್ಟಿ ಇರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಆದ್ದರಿಂದ ಮೋಟಾರ್ ಸೈಕಲ್ಲಿನ ಪಟ್ಟಿಯ ಗವಸು ಅಗ್ಗವೆಂದು ಕೊಂಡರೆ ಸ್ಪರ್ಧೆಯ ದಿನದ ತಪಾಸಣೆಯಲ್ಲಿ ನಡೆಯದು. ತೊಟ್ಟು ಮುಷ್ಟಿ ಕಟ್ಟಿದಾಗ ಅಂಗೈಯಲ್ಲಿ ಮಡಿಕೆ ಬೀಳಬಾರದು. ಬಿದ್ದರೆ ಬಂದೂಕು ಪ್ರತಿ ಸಲವೂ ಬೇರೆ ಕಡೆ ಕೂರುತ್ತದೆ. ಬೆಳೆಯುವ ಹುಡುಗನೆಂದು ಅಂಗಿಯಂತೆ ದೊಡ್ಡದನ್ನು ಕೊಳ್ಳುವ ನಮ್ಮ ರೂಢಿ ಇಲ್ಲಿ ಸಲ್ಲದು. ಎಡಚನಾದರೆ ಬಲಗೈ ಗವಸು ಕೇಳಬೇಕು. ಬೆವರಿದ ಚರ್ಮವನ್ನು ಬಿಸಿಲಿಗೆ ಹಾಕಿದರೆ ಸೆಟೆದುಕೊಳ್ಳುವುದರಿಂದ ನೆರಳಿನಲ್ಲಿಯೇ ಒಣಗಿಸಬೇಕು.

ಇಷ್ಟನ್ನೂ ತಂದೆಗೆ ತಿಳಿಸಿ, ಒಂದು ವರ್ಷ ತಡೆಯಲು ಹೇಳಿದೆವು. ಹವಾಲ್ದಾರರು ತಮ್ಮ ಹಳೆಯ ಗವಸೊಂದನ್ನು ಅಭ್ಯಾಸಕ್ಕೆ ಕೊಟ್ಟರು. ಪರರ ವಸ್ತು ತೊಡಲು ಹುಡುಗನಿಗೆ ಮೊದಮೊದಲು ಸಂಕೋಚವಾಯಿತು. ಅದು ಅವನ ಕೈಗೆ ಸರಿಯಾಗಿ ಕೂತದ್ದೇ ಸಂಕೋಚವೂ ಹೋಯಿತು.

ಅದೇ ಅಕ್ಟೋಬರಿನ ಚಾಟ್ನಿಯ ಸಮಯದಲ್ಲಿ ಅವರು ನಮ್ಮನ್ನು ತಿಕೋಟಾದ ತೋಟಕ್ಕೆ ಕರೆದೊಯ್ದರು. ಕತ್ತರಿಸಿದ ಬಳ್ಳಿಯ ಕಣ್ಣುಗಳಿಗೆ, ಅವು ಒಟ್ಟಿಗೆ ಒಡೆಯಲೆಂದು, ಹೆಣ್ಣಾಳುಗಳು ಬಟ್ಟೆ ಅದ್ದಿ ಔಷಧ ಹಚ್ಚುತ್ತಿದ್ದರು. ಅದು ಹೈಡ್ರೋಜನ್ ಸಯನಮೈಡ್. ಚರ್ಮಕ್ಕೆ ತಗುಲಿದರೆ ಸುಟ್ಟಂತೆ ಉರಿಯುತ್ತದೆ; ಅದನ್ನು ಮುಟ್ಟಿದವರು ಆ ದಿನ, ಮರುದಿನ ಮದ್ಯ ಸೇವಿಸಿದರೆ ಮುಖ ಕೆಂಪೇರಿ ಎದೆ ಬಡಿದುಕೊಂಡು ಉಸಿರಾಟ ಕಷ್ಟವಾಗುತ್ತದೆ. ಆರು ಜನರಲ್ಲಿ ಇಬ್ಬರ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಕಟ್ಟಿತ್ತು; ಉಳಿದವರದು ಬರಿಗೈ. ವಯಸ್ಸಾದ ತಾಯಿಯೊಬ್ಬರ ಬೆರಳಸಂದಿಯ ಚರ್ಮ ಸುಲಿದಿತ್ತು. “ಏನವ್ವಾ, ಉರಿಯಂಗಿಲ್ಲೇನು?” ಎಂದೆವು. “ಉರಿತೈತ್ರೀ ಯಪ್ಪಾ. ಕೊಬ್ಬರಿ ಎಣ್ಣಿ ಹಚ್ಕೋತೀವಿ” ಎಂದರು. ಹುಡುಗ ನಮ್ಮ ಹಿಂದೆಯೇ ನಿಂತು ಕೇಳಿದ. ಸಂಜೆ ತಂದೆಯ ಬಳಿ ಮಾತು ತೆಗೆದವನು ಅವನೇ.

ಮರುದಿನ ವಿಜಯಪುರದಿಂದ ಮೊಣಕೈವರೆಗಿನ ರಬ್ಬರ್ ಗವಸು ಆರು ಜೊತೆ ಬಂದವು. ಅವುಗಳ ಒಟ್ಟು ಬೆಲೆ ಹುಡುಗ ಕೇಳಿದ್ದ ಒಂದು ಗವಸಿಗಿಂತ ಬಹಳ ಕಡಿಮೆ. ಈ ಕೆಲಸಕ್ಕೆ ಬಟ್ಟೆಯ ಅಥವಾ ಚರ್ಮದ ಗವಸು ಸಲ್ಲದು. ಅದು ಔಷಧವನ್ನು ಹೀರಿ ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ತೂತಾಗಿದೆಯೇ ಎಂದು ದಿನವೂ ನೀರು ತುಂಬಿ ನೋಡಬೇಕು. ಕೆಲಸ ಮುಗಿದೊಡನೆ ಗವಸನ್ನು ಕೈಯಲ್ಲಿರುವಾಗಲೇ ಸಾಬೂನು ಹಚ್ಚಿ ತೊಳೆದು, ಆ ಬಳಿಕವೇ ಕಳಚಿ, ಮತ್ತೆ ಬರಿಗೈಯನ್ನು ತೊಳೆಯಬೇಕು.