ಬಜಗೋಳಿ ಲೋಕೋ ಶೆಡ್

ಬಜಗೋಳಿಯಲ್ಲಿ ಬಸ್ಸಿಗೆ ಬರವಿಲ್ಲ. ಕಾರ್ಕಳಕ್ಕೆ, ಹೊಸ್ಮಾರು–ನಾರಾವಿ ದಾರಿಯಾಗಿ ಧರ್ಮಸ್ಥಳಕ್ಕೆ, ಮಾಳ ಘಾಟಿ ಹತ್ತಿ ಕುದುರೆಮುಖಕ್ಕೆ, ಶೃಂಗೇರಿಗೆ. ಹೊರಡುವ ಮನಸ್ಸೇ ಇಲ್ಲದವರನ್ನೂ ಕಂಡಕ್ಟರು ಕೂಗಿ ಕರೆದು ಹತ್ತಿಸಿಕೊಳ್ಳುತ್ತಾನೆ. ರೈಲು ಮಾತ್ರ ಇಲ್ಲ. ಕುದುರೆಮುಖದ ಕಬ್ಬಿಣದ ಅದಿರಾದರೂ ಒಂದು ರೈಲು ತರಿಸೀತು ಅಂದುಕೊಂಡರೆ, ಅವರು ಅದಿರನ್ನು ಅರೆದು ನೀರಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿಬಿಟ್ಟರು. 2005ರ ಕೊನೆಗೆ ಗಣಿಯೇ ನಿಂತಿತು. ಹೀಗೆ ನಮ್ಮ ಕಡೆ ಅದಿರಿಗೂ ರೈಲು ಹತ್ತುವ ಯೋಗ ಬರಲಿಲ್ಲ.

1993ರ ಮಾರ್ಚಿನಲ್ಲಿ ಕೊಂಕಣ ರೈಲ್ವೆ ಮಂಗಳೂರು–ಉಡುಪಿ ನಡುವೆ ಗಾಡಿ ಓಡಿಸಲು ಶುರು ಮಾಡಿದಾಗ ಅಪ್ಪನನ್ನು ಕರಕೊಂಡು ಇಂದ್ರಾಳಿ ಸ್ಟೇಷನ್ನಿಗೆ ಹೋಗಿದ್ದೆ. ಪ್ರಯಾಣಕ್ಕಲ್ಲ, ನೋಡಲಿಕ್ಕೆ. ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಕಣ್ಣು ಕಿರಿದು ಮಾಡಿಕೊಂಡು ನೋಡಿದ ಅಪ್ಪ, “ಇಷ್ಟುದ್ದ ಇದ್ದೂ ಬಾಗಿಲಲ್ಲಿ ನಿಂತು ಕರೆಯಲಿಕ್ಕೆ ಒಬ್ಬ ಜನ ಇಲ್ಲವಲ್ಲ” ಎಂದು ಬೇಸರಪಟ್ಟರು. ಕರೆಯದೆ ಹತ್ತುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದೋ ಏನೋ, ಅವರು ಕೊನೆಯವರೆಗೂ ರೈಲು ಹತ್ತಲಿಲ್ಲ. ಹುಚ್ಚು ಹತ್ತಿದ್ದು ನನಗೆ.

ಶಾಲೆಯಿಂದ ನಿವೃತ್ತನಾದಾಗ ಜರ್ಮನಿಯಲ್ಲಿರುವ ತಂಗಿಯ ಮಗ ಒಂದು ಆಟದ ಎಂಜಿನ್ನು ತಂದುಕೊಟ್ಟ. ಆಟದ್ದು ಅಂದರೆ ಅವನಿಗೆ ಸಿಟ್ಟು ಬರುತ್ತದೆ. “ಮಾವ, ಇದು ಮಾದರಿ. ಎಚ್‌ಓ ಅಳತೆ.” ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್. ನಾನು ಲೆಕ್ಕದ ಮಾಷ್ಟ್ರು, ಗುಣಿಸದೆ ಬಿಡುತ್ತೇನೆಯೇ? ಗುಣಿಸಿದರೆ ಯುರೋಪಿನ 1435 ಮಿಲಿಮೀಟರಿನ ಹಳಿಗೆ ಸರಿಹೊಂದುತ್ತದೆ. ನಮ್ಮ ಬ್ರಾಡ್‌ಗೇಜು 1676. ಅದಕ್ಕೆ 19 ಮಿಲಿಮೀಟರಿನ ಮೇಲೆ ಬೇಕು. ಅಂತೂ ಬಜಗೋಳಿಗೆ ಬಂದ ಮೊದಲ ರೈಲು ಪರದೇಶದ ಗೇಜಿನದು. ಇರಲಿ, ಬಂತಲ್ಲ.

ಇಂಥವುಗಳ ಚರಿತ್ರೆ ದೊಡ್ಡದು. ಗೋಪಿಂಗೆನ್ನಿನ ಮಾರ್ಕ್ಲಿನ್‌ನವರು 1891ರಲ್ಲೇ ಲೈಪ್‌ಜಿಗ್ ಸಂತೆಯಲ್ಲಿ ಗೊತ್ತಾದ ಅಳತೆಯ ಹಳಿಗಳನ್ನು ಹಾಸಿ ತೋರಿಸಿದ್ದರು. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ 1920ರಲ್ಲಿ ಕೀಲಿ ಕೊಡುವ ರೈಲು ಮಾರತೊಡಗಿದ. ನಮ್ಮ ಎಂಜಿನ್ನು ಇವರಿಬ್ಬರದೂ ಅಲ್ಲ. ಯಾರದು ಎಂದು ಹೇಳುವುದಿಲ್ಲ, ಕಂಪೆನಿಗೂ ಮಾನವಿದೆ. ಪುಣೆಯಲ್ಲಿ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ನೋಡಿದ್ದೆ. ಅಲ್ಲಿ ಗಾಡಿಗಳು ಒಂದರ ಹಿಂದೊಂದು ಎಡವದೆ ಓಡುವುದನ್ನು ಕಂಡು, ಇವೆಲ್ಲ ಹುಟ್ಟುವಾಗಲೇ ಹಾಗೆ ಎಂದುಕೊಂಡಿದ್ದೆ.

ಪೆಟ್ಟಿಗೆ ಬಿಚ್ಚಿದಾಗಲೇ ಒಂದು ಪುಟ್ಟ ಏಣಿ ಸ್ಪಂಜಿನೊಳಗೆ ಬೇರೆಯೇ ಮಲಗಿತ್ತು. ಜೊತೆಗೊಂದು ಪ್ಲಾಸ್ಟಿಕ್ ಕೊಟ್ಟೆ. ಅದರೊಳಗೆ ಅಕ್ಕಿನುಚ್ಚಿನಂಥ ಬಿಡಿಭಾಗಗಳು. ಕೆಲವು ಭಾಗಗಳನ್ನು ಕೊಂಡವರೇ ಅಂಟಿಸಲಿ ಎಂದು ಕಂಪೆನಿಯವರು ಬಿಡಿಯಾಗಿ ಕೊಡುವ ಪದ್ಧತಿಯಂತೆ. ಹಾಗಾದರೆ ಈ ಏಣಿ ಕೊಟ್ಟದ್ದೋ, ಬಿದ್ದದ್ದೋ? ಜರ್ಮನ್ ಭಾಷೆಯ ಕಾಗದವನ್ನು ತಿರುವಿ ತಿರುವಿ ನೋಡಿದೆ. ಚಿತ್ರದಲ್ಲಿ ಒಂದು ಕೈ, ಒಂದು ಎಣ್ಣೆಹನಿ, ಅಡ್ಡಗೀಟು ಹೊಡೆದ ಒಂದು ಮಗು. ಏಣಿಯ ಸುದ್ದಿಯಿಲ್ಲ.

ನವರಾತ್ರಿ ಸಮಯ. ಹೊಸ ವಾಹನ ಮನೆಗೆ ಬಂದಮೇಲೆ ಪೂಜೆಯಿಲ್ಲದೆ ಹೊರಡಿಸುವುದುಂಟೇ? ನನ್ನಾಕೆ ಅರಸಿನ ಕುಂಕುಮ ಹಚ್ಚಿ, ಕೇಪುಳ ಹೂವಿಟ್ಟು, ಚಕ್ರದಡಿಗೆ ನಿಂಬೆಹಣ್ಣು ಇಡಹೋದಳು. ಹಣ್ಣು ಎಂಜಿನ್ನಿನಷ್ಟೇ ಎತ್ತರ. ಅಳತೆ ಪ್ರಕಾರ ಸಾಸಿವೆಯೂ ದೊಡ್ಡದಾಯಿತು ಎಂದು ನಾನು ವಿವರಿಸುತ್ತಿರುವಾಗಲೇ ಅವಳು ಒಂದು ಒಳ್ಳೆಮೆಣಸಿನ ಕಾಳು ಇಟ್ಟು “ಹ್ಞಾಂ, ಬಿಡಿ” ಎಂದಳು. ಬಿಟ್ಟೆ. ಎಂಜಿನ್ನು ಮೆಣಸಿಗೆ ಡಿಕ್ಕಿ ಹೊಡೆದು, ಬಿಕ್ಕಳಿಸಿ, ಹಳಿ ಬಿಟ್ಟು ಇಳಿಯಿತು.

ಮೆಣಸು ತೆಗೆದರೂ ಬಿಕ್ಕಳಿಕೆ ನಿಲ್ಲಲಿಲ್ಲ. ಮುಂದಕ್ಕೆ ಹೋಗುವಾಗ ಗಂಭೀರ, ಹಿಂದಕ್ಕೆ ಬರುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಂತು ಯೋಚನೆ. ಹೆಡ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಎಡಗಡೆ ಕವಲುಹಳಿ ಬಂದರೆ ಸಾಕು, ಮುಂದಿನ ಚಕ್ರಗಳು ಕಾರ್ಕಳಕ್ಕೂ ಹಿಂದಿನವು ಧರ್ಮಸ್ಥಳಕ್ಕೂ ಹೊರಡುತ್ತಿದ್ದವು.

ಅಳಿಯನಿಗೆ ಫೋನು ಮಾಡಿದೆ. “ವಾಪಸು ಕಳಿಸಿ ಮಾವ, ಬೇರೆ ಕೊಡ್ತಾರೆ” ಎಂದ. ಕೊಡುತ್ತಾರೆ, ಸತ್ಯ. ಪಾರ್ಸೆಲ್ಲಿನ ಖರ್ಚು, ಕಸ್ಟಮ್ಸಿನ ಕಾಗದ, ಮರಳಿ ಬರುವಾಗ ಮತ್ತೆ ಸುಂಕ, ಇವೆಲ್ಲ ಇದ್ದರೂ ಕೊಡುತ್ತಾರೆ. ಆದರೆ ಬಂದ ವಸ್ತುವನ್ನು ಬಿಚ್ಚಿಯೂ ನೋಡದೆ ಹಿಂದೆ ಕಳಿಸುವುದು ನಮ್ಮ ತಲೆಮಾರಿನವರ ಕೈಗೆ ಬರುವ ಕೆಲಸವಲ್ಲ. ನಮ್ಮಲ್ಲಿ ಹೊಸ ರೇಡಿಯೋ ಕೊಂಡವರು ಅದನ್ನು ಮನೆಗೆ ಒಯ್ಯುವ ಮೊದಲೇ ಒಮ್ಮೆ ರಿಪೇರಿಯವರಿಗೆ ತೋರಿಸುತ್ತಿದ್ದರು.

ಆ ರಿಪೇರಿಯವರು ಪೇಟೆಯಲ್ಲಿ ಈಗಲೂ ಇದ್ದಾರೆ. ಅಂಗಡಿ ತುಂಬ ಮೊಬೈಲ್ ಕವರುಗಳು ತೂಗುತ್ತಿವೆ. ಗಿರಾಕಿಗಳನ್ನು ಮಗ ನೋಡಿಕೊಳ್ಳುತ್ತಾನೆ. ಇವರು ಮೂಲೆಯ ಸ್ಟೂಲಿನಲ್ಲಿ ಕೂತು ಬಸ್ಸು ಎಣಿಸುತ್ತಾರೆ. “ದಾದ ಆಂಡ್ ಮಾಷ್ಟ್ರೇ?” ಎಂದರು. ಚೀಲದಿಂದ ಎಂಜಿನ್ನು ತೆಗೆದಿಟ್ಟೆ. “ಹೊಸತಾ? ಹೊಸತಾದರೆ ಸರಿ ಇರಲಿಕ್ಕೆ ಹೇಗೆ ಸಾಧ್ಯ?” ಎನ್ನುತ್ತ ಮೇಲಿನ ಹಲಗೆಯಿಂದ ಸ್ಕ್ರೂಡ್ರೈವರಿನ ಡಬ್ಬಿ ಇಳಿಸಿ ಊದಿದರು. ಮಗನ ಕಡೆಗೆಲ್ಲ ಧೂಳು. ಮೇಲಿನ ಕವಚ ಕಳಚಿ, ಕೆಳಗಿನ ಮುಚ್ಚಳ ಬಿಚ್ಚಿ, ಅವರು ಒಳಗೆ ಇಣುಕಿದ ರೀತಿ ನೋಡಿದ ಮೇಲೆ ಎಂಜಿನ್ನು ಕೆಟ್ಟದ್ದಕ್ಕೆ ನನಗೆ ಬೇಸರ ಉಳಿಯಲಿಲ್ಲ.

ದೋಷ ಇಷ್ಟೇ. 12 ವೋಲ್ಟಿನ ಕರೆಂಟು ಹಳಿಯಿಂದ ಚಕ್ರಕ್ಕೆ ಬರುತ್ತದೆ; ಚಕ್ರದ ಬೆನ್ನಿಗೆ ಒರಗಿರುವ ತೆಳ್ಳನೆಯ ಲೋಹದ ಪಟ್ಟಿ ಅದನ್ನು ಮೋಟಾರಿಗೆ ಮುಟ್ಟಿಸುತ್ತದೆ. ಒಂದು ಪಟ್ಟಿ ಚಕ್ರಕ್ಕೆ ತಾಗದೆ ಮುನಿಸಿಕೊಂಡು ನಿಂತಿತ್ತು. ಹಿಂದಕ್ಕೆ ಹೋಗುವಾಗ ಅಚ್ಚು ಕೂದಲೆಳೆಯಷ್ಟು ಸರಿದರೆ ಕರೆಂಟು ಕಡಿತ. ಅದನ್ನು ಸೂಜಿಯಿಂದ ಒಂಚೂರು ಬಗ್ಗಿಸಿದರು, ಇನ್ನೊಂದು ಕಡೆ ತಂತಿಯ ಬೆಸುಗೆ ಬಿಟ್ಟಿದ್ದನ್ನು ಕಾದ ಕಬ್ಬಿಣದಿಂದ ಮುಟ್ಟಿದರು. ರಾಳದ ಹೊಗೆ ಎದ್ದಿತು. ಆ ವಾಸನೆಗೆ ಅವರೂ ನಾನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಆಕಾಶವಾಣಿ ಮಂಗಳೂರಿನ ಯಕ್ಷಗಾನ ಕೇಳಲಿಕ್ಕೆಂದು ಮುಸ್ಸಂಜೆಗೆ ರೇಡಿಯೋ ಹೊತ್ತು ಓಡಿಬರುತ್ತಿದ್ದವರ ಕತೆಗಳು.

ಹಳಿ ತಪ್ಪುವ ಕಾಯಿಲೆ ಮಾತ್ರ ತಮ್ಮ ಕೈಯದ್ದಲ್ಲ ಎಂದು ಅವರು ಕಾರ್ಕಳದ ಅಕ್ಕಸಾಲಿ ಆಚಾರ್ರ ಬಳಿಗೆ ಕಳಿಸಿದರು. ಎಚ್‌ಓ ಚಕ್ರಗಳ ಒಳಮೈಯಿಂದ ಒಳಮೈಗೆ 14.4 ಮಿಲಿಮೀಟರಿನ ಆಸುಪಾಸು ಇರಬೇಕು. ಕಡಿಮೆಯಾದರೆ ಕವಲುಹಳಿಯಲ್ಲಿ ಚಕ್ರದ ಅಂಚು ಸಿಕ್ಕಿಕೊಂಡು ಹತ್ತಿಬಿಡುತ್ತದೆ. ಆಚಾರ್ರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಅಳತೆ ಹಿಡಿದು, “ಒಂದು ಜೊತೆ ಕುಗ್ಗಿದೆ” ಎಂದರು. ಚಿಮುಟದಲ್ಲಿ ಹಿಡಿದು ತಿರುಚಿ ಎಳೆದದ್ದು ನನಗೆ ಕಾಣಿಸಲೇ ಇಲ್ಲ. ದೊಡ್ಡ ಶೋರೂಮುಗಳು ಬಂದಮೇಲೆ ಸರ ಮಾಡಿಸಲು ಬರುವವರಿಲ್ಲ; ಬಂದರೆ ಕೊಂಡಿ ಬೆಸೆಯಲಿಕ್ಕೆ, ಕಿವಿಯೋಲೆಯ ತಿರುಪು ಹುಡುಕಲಿಕ್ಕೆ. “ಇದು ಮೂಗುತಿಗಿಂತ ಎಷ್ಟೋ ದೊಡ್ಡ ಕೆಲಸ ಮಾಷ್ಟ್ರೇ” ಎಂದು ದುಡ್ಡು ತೆಗೆದುಕೊಳ್ಳದೆ ನಕ್ಕರು. ಓಡುವುದನ್ನು ನೋಡಬೇಕು ಎಂಬುದೊಂದೇ ಕರಾರು.

ಎಣ್ಣೆಯ ವಿಷಯಕ್ಕೆ ಚರ್ಚೆಯಾಯಿತು. ತೆಂಗಿನೆಣ್ಣೆ ಸಾಕು ಎಂದು ಮನೆಯ ಅಭಿಪ್ರಾಯ. ನಮ್ಮ ಮನೆಯಲ್ಲಿ ತಲೆನೋವಿನಿಂದ ಬಾಗಿಲ ಕಿರುಗುಟ್ಟುವಿಕೆಯವರೆಗೆ ಎಲ್ಲಕ್ಕೂ ಅದೇ. ಆದರೆ ಅದು ಅಂಟಾಗುತ್ತದೆ, ಗೇರುಗಳಿಗೆ ಆಗದು. ಬಸ್‌ಸ್ಟ್ಯಾಂಡಿನ ಟೈಲರು ಹೊಲಿಗೆ ಮೆಷಿನ್ನಿನ ಎಣ್ಣೆಯನ್ನು ಸೂಜಿಮೊನೆಯಲ್ಲಿ ತೊಟ್ಟಿಕ್ಕಿಸಿ ಕೊಟ್ಟರು. ಹೊಸ ಎಂಜಿನ್ನನ್ನು ಭಾರವಿಲ್ಲದೆ ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ ಓಡಿಸಿ ಹದ ಮಾಡಬೇಕೆಂಬುದು ಈ ಹವ್ಯಾಸದವರ ನಿಯಮ. ನಿಜವಾದ ರೈಲ್ವೆಯಲ್ಲೂ ಹೊಸ ಮಾದರಿಯ ಎಂಜಿನ್ನು ಬಂದರೆ ಲಖನೌದ ಆರ್‌ಡಿಎಸ್‌ಓದವರು ತೂಗಾಟದ ಪರೀಕ್ಷೆ ಮಾಡದೆ ಬಿಡುವುದಿಲ್ಲ. ನಮ್ಮ ಚಾವಡಿಯಲ್ಲಿ ಆರ್‌ಡಿಎಸ್‌ಓ ಎಂದರೆ ಆಚಾರ್ರು, ರೇಡಿಯೋದವರು, ಟೈಲರು, ಕಟ್ಟಂಚಾಯ. “ಮತ್ಸ್ಯಗಂಧ ಹೊರಟಿತು” ಎಂದು ನಾನಂದೆ. “ಕಾರ್ಲ ಕಾರ್ಲ ಕಾರ್ಲ” ಎಂದು ಟೈಲರು ಬಾಗಿಲಲ್ಲಿ ನಿಂತು ಕರೆದರು. ಇದನ್ನು ಕೇಳಿದ್ದರೆ ಅಪ್ಪ ಹತ್ತುತ್ತಿದ್ದರೋ ಏನೋ.

ಹೊರಗಿನ ದೋಷಗಳ ಮಾತು ಇಷ್ಟಾಯಿತು. ಲೋಹದೊಳಗೇ ಇರುವ ಒಂದು ದೋಷ ಕೊಳ್ಳುವಾಗ ಯಾರಿಗೂ ಕಾಣದು. ಎರಕದ ಸತುವಿನಲ್ಲಿ ಚೂರು ಸೀಸ ಬೆರೆತಿದ್ದರೆ, ವರ್ಷಗಳು ಕಳೆದಂತೆ ಮೈಯೆಲ್ಲ ಬಿರಿದು, ಉಬ್ಬಿ, ಎಂಜಿನ್ನು ಪುಡಿಯಾಗುತ್ತದೆ. ತೇವ ಇದ್ದರೆ ಬೇಗ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಘಟ್ಟದ ಬುಡದಲ್ಲಿ ಕೂತವನಿಗೆ ಇದನ್ನು ಓದಿದ ದಿನ ಊಟ ಸೇರಲಿಲ್ಲ. ಈಗ ಆಟಿ ತಿಂಗಳಲ್ಲಿ ಎಂಜಿನ್ನು ಅಕ್ಕಿ ಡಬ್ಬಿಯೊಳಗೆ, ಹಪ್ಪಳದ ಪಕ್ಕ ಇರುತ್ತದೆ. ಹಪ್ಪಳ ಗರಿಗರಿಯಾಗಿದ್ದರೆ ಎಂಜಿನ್ನೂ ಕ್ಷೇಮ ಎಂದು ಲೆಕ್ಕ.

ಮೊನ್ನೆ ಅಳಿಯ ಫೋನು ಮಾಡಿದ್ದ. ಇನ್ನೊಂದು ಎಂಜಿನ್ನು ನೋಡಿದ್ದಾನಂತೆ, ದೀಪಾವಳಿಗೆ ತರುತ್ತಾನಂತೆ. ಈ ಸಲ ಅಂಗಡಿಯವರೇ ಬಿಚ್ಚಿ, ಚಕ್ರ ಅಳೆದು, ಎಣ್ಣೆ ಹಾಕಿ, ಓಡಿಸಿ ಪರೀಕ್ಷೆ ಮಾಡಿ ಕೊಡುತ್ತಾರೆ, ಸ್ವಲ್ಪ ಹೆಚ್ಚಿಗೆ ಕೊಟ್ಟರಾಯಿತು ಎಂದ. ಹೆಚ್ಚಿಗೆ ಕೊಡುವುದು ಬೇಡ, ಅವರಿಗೂ ಯಾಕೆ ತೊಂದರೆ, ಪೆಟ್ಟಿಗೆ ಒಡೆಯದೆ ಹಾಗೇ ತೆಗೆದುಕೊಂಡು ಬಾ ಎಂದೆ.