ಬೀಗದ ಕೈ ಎಲ್ಲಿಡಬೇಕು?



ನಮ್ಮ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಹಬ್ಬದ ವರದಿ, ಊರಿನ ನೆನಪು, ಅಡಿಗೆಯ ವಿಧಾನ ಇವೇ ಬರುತ್ತವೆ. ಈ ಸಲ ಕಂಪ್ಯೂಟರಿನ ವಿಷಯವೆಂದು ದಯವಿಟ್ಟು ಪುಟ ತಿರುವಿ ಹಾಕಬೇಡಿ. ನಮ್ಮ ಮಕ್ಕಳಲ್ಲಿ ಹಲವರು ಕಂಪ್ಯೂಟರ್ ಓದುತ್ತಿದ್ದಾರೆ. ಅಂಗಡಿ, ಟ್ಯೂಷನ್, ಕೇಟರಿಂಗ್ ನಡೆಸುವ ಸದಸ್ಯರು ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ. ಆದ್ದರಿಂದ ಇದು ನಮ್ಮೆಲ್ಲರ ಮನೆಯ ವಿಷಯವೇ.

ಕಳೆದ ರಾಜ್ಯೋತ್ಸವದ ಟಿಕೆಟ್‌ಗಳನ್ನು ಇಂಟರ್‌ನೆಟ್ಟಿನಲ್ಲೇ ಮಾರೋಣವೆಂದು ನಮ್ಮ ಹುಡುಗರು ಒಂದು ಪುಟ ತಯಾರಿಸಿದರು. ಸಭಾಂಗಣದ ದಾರಿಗೆ ಗೂಗಲ್ ಮ್ಯಾಪ್, ಹಣ ಕಟ್ಟಲು ಒಂದು ಬಟನ್, ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಡುವ ಎಐ ಪೆಟ್ಟಿಗೆ, ಎಲ್ಲವೂ ಇತ್ತು. ನಾಲ್ಕು ದಿನದ ನಂತರ ಒಂದು ಸಂಜೆ ಬ್ರಿಕ್‌ಫೀಲ್ಡ್ಸ್‌ನ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದರು. ನೋಡಿ ನಿಜಕ್ಕೂ ಸಂತೋಷವಾಯಿತು.

"ಕೀಗಳನ್ನೆಲ್ಲ ಎಲ್ಲಿಟ್ಟಿದ್ದೀಯಪ್ಪಾ?" ಎಂದು ಕೇಳಿದೆ.

"ಡಾಟ್ ಎನ್ವ್ ಫೈಲಿನಲ್ಲಿ ಅಂಕಲ್. ಗಿಟ್‌ಹಬ್‌ಗೂ ಹಾಕಿಲ್ಲ. ಸೇಫ್ ತಾನೇ?"

ಬ್ರೌಸರಿನಲ್ಲಿ ಅದೇ ಪುಟ ತೆರೆದು, ಎಫ್-12 ಗುಂಡಿ ಒತ್ತಿ ಹುಡುಕಿದೆ. ಮೂರು ಕೀಗಳೂ ಅಕ್ಷರ ಅಕ್ಷರವಾಗಿ ಅಲ್ಲಿ ಕುಳಿತಿದ್ದವು. ಹುಡುಗನ ಮುಖ ಬಾಡಿತು. ಅವನನ್ನು ದೂರುವಂತಿಲ್ಲ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟದ್ದೆಲ್ಲ ಗುಟ್ಟಾಗಿರುತ್ತದೆ ಎಂದು ನಂಬುವವರು ಬಹಳ ಮಂದಿ.

ಎಪಿಐ ಕೀ ಎಂದರೆ ಬೇರೆ ಕಂಪನಿಯ ಸೇವೆಯನ್ನು ನಮ್ಮ ಪ್ರೋಗ್ರಾಮ್ ಬಳಸಲು ತೋರಿಸುವ ಚೀಟಿ. ಆ ಚೀಟಿ ಯಾರ ಕೈಯಲ್ಲಿದ್ದರೂ ಲೆಕ್ಕ ಬರೆಯುವುದು ನಮ್ಮ ಹೆಸರಿಗೇ. ಎನ್ವಿರಾನ್‌ಮೆಂಟ್ ವೇರಿಯಬಲ್ ಹಳೆಯ ಪದ್ಧತಿ. 1979ರಲ್ಲಿ ಬಂದ ಯೂನಿಕ್ಸ್‌ನ ಏಳನೆಯ ಆವೃತ್ತಿಯಲ್ಲೇ ಇತ್ತು. ಪ್ರೋಗ್ರಾಮಿನ ಒಳಗೆ ಬರೆಯದೆ, ಅದು ಓಡುವ ಯಂತ್ರದಲ್ಲಿ ಬೆಲೆಯನ್ನು ಇಡುವುದು. ಪ್ರೋಗ್ರಾಮ್ ನಮ್ಮ ಸರ್ವರಿನಲ್ಲಿ ಓಡುವ ತನಕ ಇದು ಒಳ್ಳೆಯ ಏರ್ಪಾಡು. ಆದರೆ ಫ್ರಂಟ್‌ಎಂಡ್ ಓಡುವುದು ನಮ್ಮ ಯಂತ್ರದಲ್ಲಲ್ಲ, ನೋಡುವವರ ಯಂತ್ರದಲ್ಲಿ.

ಜಲಾನ್ ತುನ್ ಸಂಬಂಥನ್ ಬೀದಿಯಲ್ಲಿ ಬಾಳೆಲೆ ಊಟದ ಹೋಟೆಲುಗಳನ್ನು ನೀವೆಲ್ಲ ಬಲ್ಲಿರಿ. ಮಸಾಲೆಯ ಗುಟ್ಟಿನ ಚೀಟಿ ಅಡಿಗೆಮನೆಯ ಗೋಡೆಯ ಮೇಲಿದ್ದರೆ ಗಿರಾಕಿಗೆ ಕಾಣುವುದಿಲ್ಲ. ಅದೇ ಚೀಟಿಯನ್ನು ಪಾರ್ಸಲ್ ಪೊಟ್ಟಣದೊಳಗೆ ಇಟ್ಟು ಕಳಿಸಿದರೆ? ದಾರ ಎಷ್ಟು ಬಿಗಿದು ಕಟ್ಟಿದರೇನು, ಮನೆಗೆ ಹೋಗಿ ಬಿಚ್ಚುವುದಕ್ಕೇ ಅಲ್ಲವೇ ಪಾರ್ಸಲ್? ಫ್ರಂಟ್‌ಎಂಡ್ ಇಂಥ ಪಾರ್ಸಲ್.

ಹುಡುಗರು ಬಳಸಿದ್ದು ವೀಟ್ ಎಂಬ ಸಲಕರಣೆ. ವೀಟ್ ಎಂಬ ಪದ, ಅಡಿಗೆರೆ, ಇವುಗಳಿಂದ ಆರಂಭವಾಗುವ ಹೆಸರಿನ ಬೆಲೆಗಳನ್ನು ಮಾತ್ರ ಅದು ಪುಟಕ್ಕೆ ಕೊಡುತ್ತದೆ. ಬಿಲ್ಡ್ ಮಾಡುವಾಗ ಅವನ್ನು ಕೋಡಿನೊಳಗೆ ನೇರವಾಗಿ ಬರೆದುಬಿಡುತ್ತದೆ. ಹುಡುಗ ಮೊದಲು ಆ ಪದವಿಲ್ಲದೆ ಇಟ್ಟಿದ್ದ, ಬೆಲೆ ಸಿಗಲಿಲ್ಲ. ಪದ ಸೇರಿಸಿದ, ಕೆಲಸವಾಯಿತು. ಆ ಪದ ಬೀಗವಲ್ಲ, "ಇದನ್ನು ಪಾರ್ಸಲ್ಲಿಗೆ ಹಾಕಬಹುದು" ಎಂಬ ಒಪ್ಪಿಗೆ. ನೆಕ್ಸ್ಟ್ ಜೆಎಸ್‌ನವರು ಇದಕ್ಕೆ ಇಟ್ಟ ಹೆಸರಿನಲ್ಲೇ "ಪಬ್ಲಿಕ್" ಎಂಬ ಮಾತಿದೆ. ಅದನ್ನು ಓದಿದವರಿಗೆ ಬೇರೆ ವಿವರಣೆ ಬೇಡ.

ಹಾಗಾದರೆ ಯಾವ ಕೀಯನ್ನೂ ಪುಟದಲ್ಲಿ ಇಡಬಾರದೇ? ಹಾಗೇನಿಲ್ಲ. ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮ್ಯಾಪಿನ ಕೀ ಬ್ರೌಸರಿಗೆ ಹೋಗಲೇಬೇಕು, ಇಲ್ಲದಿದ್ದರೆ ನಕ್ಷೆಯೇ ಬಾರದು. ಅದಕ್ಕೆ ಗೂಗಲ್‌ನ ಕನ್ಸೋಲಿನಲ್ಲಿ ಬೇಲಿ ಹಾಕಬೇಕು: ನಮ್ಮ ವೆಬ್‌ಸೈಟ್ ವಿಳಾಸದಿಂದ ಮಾತ್ರ, ಮ್ಯಾಪಿಗೆ ಮಾತ್ರ ಎಂದು. ವಿಳಾಸವನ್ನು ನಕಲು ಮಾಡುವ ಚಾಲಾಕಿಗಳೂ ಇರುವುದರಿಂದ ದಿನಕ್ಕೆ ಇಷ್ಟೇ ಎಂಬ ಮಿತಿಯನ್ನೂ ಇಡಬೇಕು.

ಹಣದ ಕೀ ಹಾಗಲ್ಲ. ನಮ್ಮ ಬೆಂಗಳೂರಿನ ರೇಜರ್‌ಪೇ ಕಂಪನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 2014ರಲ್ಲಿ ಆರಂಭವಾದ ಈ ಕಂಪನಿ 2022ರಲ್ಲಿ ಮಲೇಷ್ಯಾದ ಕರ್ಲೆಕ್ ಸಂಸ್ಥೆಯಲ್ಲಿ ಹೆಚ್ಚಿನ ಪಾಲು ಕೊಂಡು ಇಲ್ಲಿಗೂ ಬಂದಿತು. ಅಲ್ಲಿ ಎರಡು ಕೀ ಕೊಡುತ್ತಾರೆ. ಒಂದು ಕೀ ಐಡಿ, ಅದು ಪುಟದಲ್ಲಿ ಕಾಣಿಸಿದರೆ ತೊಂದರೆಯಿಲ್ಲ. ಇನ್ನೊಂದು ಕೀ ಸೀಕ್ರೆಟ್. ಹಣ ಬಂದದ್ದು ನಿಜವೇ ಎಂದು ತಿಳಿಯಲು ಅವರು ಕಳಿಸುವ ಸಹಿಯನ್ನು ಸೀಕ್ರೆಟ್ಟಿನಿಂದ ಲೆಕ್ಕ ಹಾಕಿ ತಾಳೆ ನೋಡಬೇಕು. ಈ ಕೆಲಸ ಸರ್ವರಿನಲ್ಲೇ ಆಗಬೇಕು. ಸೀಕ್ರೆಟ್ ಪುಟದಲ್ಲಿದ್ದರೆ ಯಾರು ಬೇಕಾದರೂ ಸುಳ್ಳು ಸಹಿ ಹಾಕಿ ದುಡ್ಡಿಲ್ಲದೆ ಟಿಕೆಟ್ ಪಡೆಯಬಹುದು. ಅದಕ್ಕಿಂತ ದೊಡ್ಡದು, ಎರಡೂ ಕೀ ಸಿಕ್ಕಿದವರು ಹಣ ಕಟ್ಟಿದವರ ಫೋನ್ ನಂಬರು, ಇಮೇಲ್‌ಗಳ ಪಟ್ಟಿಯನ್ನೇ ತರಿಸಿಕೊಳ್ಳಬಹುದು. ಟಿಕೆಟ್ಟಿನ ನಷ್ಟ ತುಂಬಿಕೊಳ್ಳಬಹುದು. ಸಂಘವನ್ನು ನಂಬಿ ನಂಬರು ಕೊಟ್ಟ ಹಿರಿಯರಿಗೆ ಮೋಸದ ಕರೆ ಬಂದರೆ ಏನೆಂದು ಉತ್ತರ ಹೇಳುವುದು?

ಎಐ ಕೀ ಬಳಸಿದಷ್ಟೂ ಬಿಲ್ ಏರುವ ಬಾಬತ್ತು. ಓಪನ್ ಎಐ ಕಂಪನಿಯ ಜಾವಾಸ್ಕ್ರಿಪ್ಟ್ ಲೈಬ್ರರಿ ಬ್ರೌಸರಿನಲ್ಲಿ ಓಡಲು ಮೊದಲು ಒಪ್ಪುವುದೇ ಇಲ್ಲ. "ಡೇಂಜರಸ್ಲಿ ಅಲೋ ಬ್ರೌಸರ್" ಎಂದು ನಾವೇ ಬರೆದುಕೊಡಬೇಕು. ಹುಡುಗರು ಆ ಸಾಲನ್ನೂ ಬರೆದಿದ್ದರು! ಸರಿಯಾದ ದಾರಿಯೆಂದರೆ ಪುಟ ನಮ್ಮ ಸರ್ವರನ್ನು ಕೇಳಬೇಕು, ಸರ್ವರು ಎಐ ಕಂಪನಿಯನ್ನು ಕೇಳಿ ಉತ್ತರ ತಂದುಕೊಡಬೇಕು. ಹೋಟೆಲಿನ ಸಪ್ಲೈಯರ್ ಇದ್ದಂತೆ. ಗಿರಾಕಿ ಅಡಿಗೆಮನೆಗೆ ಕಾಲಿಡುವುದಿಲ್ಲ. ಆದರೆ ಒಬ್ಬನೇ ಬಂದು ನೂರು ಸಲ ಬಡಿಸಿಕೊಳ್ಳದಂತೆ ಅಲ್ಲಿಯೂ ಮಿತಿ ಬೇಕು.

ಎರಡು ಸಂಜೆಗಳಲ್ಲಿ ಹುಡುಗರು ಎಲ್ಲವನ್ನೂ ಸರಿಪಡಿಸಿದರು. ಮೊದಲು ಮಾಡಿದ್ದು ಹಳೆಯ ಕೀಗಳನ್ನು ರದ್ದು ಮಾಡಿ ಹೊಸದು ಪಡೆದದ್ದು. "ಯಾರೂ ನೋಡಿರಲಿಕ್ಕಿಲ್ಲ, ಪುಟದಿಂದ ತೆಗೆದರೆ ಸಾಲದೇ?" ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಸಾಲದು. ಇಂಥ ಕೀಗಳನ್ನು ಹುಡುಕುವುದಕ್ಕೆಂದೇ ಹಗಲಿರುಳು ಓಡುವ ಪ್ರೋಗ್ರಾಮುಗಳಿವೆ. ನಾಲ್ಕು ದಿನ ಬಯಲಿನಲ್ಲಿ ಬಿದ್ದಿದ್ದ ಕೀ ನಮ್ಮದೊಬ್ಬರದೇ ಎಂದು ಹೇಳಲಾಗದು. ಗಿಟ್‌ನಲ್ಲಿ ಸೇರಿದ್ದರಂತೂ ಫೈಲು ಅಳಿಸಿದರೂ ಹಳೆಯ ಚರಿತ್ರೆಯಲ್ಲಿ ಉಳಿದಿರುತ್ತದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಬೀಗವನ್ನೇ ಬದಲಾಯಿಸುವುದು ಜಾಣತನ.

ವೆಬ್‌ಸೈಟ್ ಮಾಡಿಸುವ ಸದಸ್ಯರು ಮಾಡಿಕೊಡುವವರಲ್ಲಿ ಮೂರು ಮಾತು ಕೇಳಿ. ಪುಟದಲ್ಲಿ ಯಾವ ಯಾವ ಕೀ ಕಾಣುತ್ತದೆ? ಕಾಣುವ ಕೀಗಳಿಗೆ ಬೇಲಿ, ಮಿತಿ ಹಾಕಿದ್ದೀರಾ? ಒಂದು ಕೀ ಕಳೆದರೆ ರದ್ದು ಮಾಡುವುದು ಯಾರು, ಹೇಗೆ? ನೆಟ್ಟಗೆ ಉತ್ತರ ಬಾರದಿದ್ದರೆ ದುಡ್ಡು ಕೊಡಲು ಅವಸರ ಮಾಡಬೇಡಿ.

ಮನೆಯಲ್ಲಿ ಕಂಪ್ಯೂಟರ್ ಓದುವ ಮಕ್ಕಳಿದ್ದರೆ ಈ ಪುಟವನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ಓದಲು ಬಾರದಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಓದಿ ಹೇಳಿ. ಕೀಯೂ ಜೋಪಾನವಾದೀತು, ನಾಲ್ಕು ಕನ್ನಡ ಪದವೂ ಕಿವಿಗೆ ಬಿದ್ದೀತು.