ಕಾಖೇತಿಯ ದ್ರಾಕ್ಷಿಯ ಸೀಮೆ

ಜಾರ್ಜಿಯಾ ದೇಶದ ಮೂಡಣ ಸೀಮೆಯೇ ಕಾಖೇತಿ. ಉತ್ತರದಲ್ಲಿ ಕಾಕಸಸ್ ಪರ್ವತದ ಹಿಮಶಿಖರಗಳು, ಅಡಿಯಲ್ಲಿ ಅಲಜಾನಿ ನದಿಯ ಬಯಲು, ಕಣ್ಣು ಹಾಯುವವರೆಗೂ ದ್ರಾಕ್ಷಿಯ ತೋಟಗಳು. ಪಾನವನ್ನೊಲ್ಲದ ಪ್ರವಾಸಿಯೂ ಈ ನಾಡಿಗೆ ಮನಸೋಲದಿರನು.

ಇಲ್ಲಿಯ ಗೃಹಸ್ಥರು ಬಿಳಿಯ ದ್ರಾಕ್ಷಿಯ ರಸವನ್ನು ಸಿಪ್ಪೆಬೀಜಗಳೊಡನೆಯೇ, ನೆಲದಲ್ಲಿ ಹೂತ ಕ್ವೆವ್ರಿಯೆಂಬ ಮಣ್ಣಿನ ಗುಡಾಣಗಳಲ್ಲಿ ತುಂಬಿ, ಬಾಯಿ ಮುಚ್ಚಿ, ತಿಂಗಳುಗಟ್ಟಲೆ ಇಡುವರು. ಭೂಮಿಯ ತಂಪಿನಲ್ಲಿ ಅದು ಹುಳಿತು ಹೊಂಬಣ್ಣದ ದ್ರಾಕ್ಷಾಮದ್ಯವಾಗುವುದು. 1985ರಲ್ಲಿ ಸೋವಿಯತ್ ಸರ್ಕಾರವು ಪಾನನಿರೋಧವನ್ನು ಕೈಕೊಂಡಾಗ ಎಷ್ಟೋ ತೋಟಗಳು ನಾಶವಾದುವು. ಮನೆಮನೆಗಳಲ್ಲಿ ಉಳಿದಿದ್ದ ವಿದ್ಯೆ ಮಾತ್ರ ಅಳಿಯಲಿಲ್ಲ. 2013ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ಊಟಕ್ಕೆ ಕುಳಿತರೆ ಚೀಸ್ ತುಂಬಿದ ಖಚಾಪುರಿ ರೊಟ್ಟಿ. ಅಕ್ರೋಟಿನ ತಿರುಳನ್ನು ದಾರಕ್ಕೆ ಪೋಣಿಸಿ, ದ್ರಾಕ್ಷಿಯ ಪಾಕದಲ್ಲಿ ಅದ್ದಿ ಒಣಗಿಸಿದ ಚುರ್ಚ್‌ಖೇಲಾ. ಪಂಕ್ತಿಯನ್ನು ನಡಸುವ ತಮದಾ ಬಟ್ಟಲನ್ನೆತ್ತಿ, ಗತಿಸಿದ ಹಿರಿಯರನ್ನೂ ಬಂದ ಅತಿಥಿಯನ್ನೂ ನೆನೆದು ನುಡಿದ ಬಳಿಕವೇ ಉಳಿದವರು ಕುಡಿಯುವರು. ನಮ್ಮ ಮನೆಗಳ ಅತಿಥಿಸತ್ಕಾರವನ್ನು ಬಲ್ಲವರಿಗೆ ಈ ನಾಡು ಪರದೇಶವೆನಿಸದು.